ಕಾಡಿನ ಬೆಂಕಿ ಆರಿಸುವ ಕೆಲಸಕ್ಕೆ ಯಾವ ಕೋರ್ಸ್ ಮಾಡಬೇಕು?

ಪ್ರಶ್ನೆ: ಸರ್, ನಾನು ಚಿಂಚೋಳಿ ತಾಲ್ಲೂಕಿನವಳು. ಕಲಬುರಗಿಯಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ, ಬಾಟನಿ ಮತ್ತು ಝೂವಾಲಜಿ. ಅಮೆರಿಕದಲ್ಲಿ ಕಾಡಿನ ಬೆಂಕಿ ಆರಿಸುವವರ ವಿಡಿಯೊ ನೋಡಿ ನನಗೂ ಅದೇ ಕೆಲಸ ಬೇಕು ಅನಿಸಿದೆ. ಅಲ್ಲಿ ಬೇಕಂತಲೇ ಬೆಂಕಿ ಹಚ್ಚಿ ಕಾಡು ಉಳಿಸುವ ತರಬೇತಿಯೂ ಇದೆಯಂತೆ. ನಮ್ಮ ಕಡೆ ಇಂಥ ಕೆಲಸ ಇದೆಯಾ? ಒಂದು ಸಂಸ್ಥೆಯವರು ‘ಫೈರ್ ಆ್ಯಂಡ್ ಸೇಫ್ಟಿ’ ಡಿಪ್ಲೊಮಾ ಮಾಡಿದರೆ ಸಿಗುತ್ತದೆ ಅನ್ನುತ್ತಿದ್ದಾರೆ, ಸೇರಲಾ? ಮನೆಯಲ್ಲಿ ಇದು ಹೆಣ್ಣುಮಕ್ಕಳ ಕೆಲಸ ಅಲ್ಲ ಅಂತಾರೆ.

ಉತ್ತರ: ತಂಗಿ, ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಆ ಡಿಪ್ಲೊಮಾಗೆ ಸೇರಬೇಡಿ. ಅದು ಕೆಟ್ಟ ಕೋರ್ಸ್ ಅಂತ ಅಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಗೋದಾಮುಗಳಲ್ಲಿ, ದೊಡ್ಡ ಕಟ್ಟಡಗಳಲ್ಲಿ ಸೇಫ್ಟಿ ಕೆಲಸ ಹುಡುಕುವವರಿಗೆ ಅದು ಉಪಯೋಗಕ್ಕೆ ಬರಬಹುದು. ಅಲ್ಲಿ ಕಲಿಸುವುದು ಹೈಡ್ರಂಟ್ (ಬೆಂಕಿ ಆರಿಸಲು ನೀರು ಕೊಡುವ ದೊಡ್ಡ ನಲ್ಲಿ), ಸಿಲಿಂಡರ್, ಸ್ಪ್ರಿಂಕ್ಲರ್, ಕಾರ್ಖಾನೆ ಕಾಯ್ದೆ. ನಿಮ್ಮ ಚಿಂಚೋಳಿಯ ಕುಂಚಾವರಂ ಕಾಡಿನಲ್ಲಿ ಹೈಡ್ರಂಟ್ ಎಲ್ಲಿ ಹುಡುಕುತ್ತೀರಿ? ಅರಣ್ಯ ಇಲಾಖೆಯ ನೇಮಕಾತಿಯಲ್ಲಿ ಆ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ‘ಫೈರ್’ ಅನ್ನುವ ಹೆಸರು ಇದೆ ಅಂತ ಎಲ್ಲಾ ಬೆಂಕಿಯೂ ಒಂದೇ ಅಂತ ಅವರು ನಿಮಗೆ ಮಾರುತ್ತಿದ್ದಾರೆ, ಅಷ್ಟೆ.

ಇನ್ನು ನಮ್ಮ ಕಡೆ ಈ ಕೆಲಸ ಇದೆಯಾ ಅಂದರೆ, ಇದೆ. ಆದರೆ ಆ ಹೆಸರಿನ ಹುದ್ದೆ ಇಲ್ಲ. ಅಮೆರಿಕದಲ್ಲಿ ಕಾಡಿನ ಬೆಂಕಿಗೆ ಅಂತಲೇ ಬೇರೆ ಪಡೆಗಳಿವೆ, ಬೇಸಿಗೆ ಪೂರ್ತಿ ಅವರಿಗೆ ಅದೇ ಕೆಲಸ. ನಮ್ಮಲ್ಲಿ ಅದು ಅರಣ್ಯ ಇಲಾಖೆಯ ಬೀಟ್ (ಒಬ್ಬರ ಗಸ್ತಿಗೆ ಒಪ್ಪಿಸಿದ ಕಾಡಿನ ಭಾಗ) ಸಿಬ್ಬಂದಿಯ ಹತ್ತಾರು ಕೆಲಸಗಳಲ್ಲಿ ಒಂದು. ಮಳೆಗಾಲದಲ್ಲಿ ಸಸಿ ನೆಡಿಸುವವರು, ಶ್ರೀಗಂಧದ ಕಳ್ಳರ ಹಿಂದೆ ಓಡುವವರು, ಒತ್ತುವರಿ ಕೇಸಿಗೆ ಕೋರ್ಟಿಗೆ ಅಲೆಯುವವರು, ಫೆಬ್ರವರಿ ಬಂತು ಅಂದರೆ ಅವರೇ ಬೆಂಕಿ ಆರಿಸುವವರು. ಬೇಸಿಗೆಗೆ ಮಾತ್ರ ಅವರ ಜೊತೆ ದಿನಗೂಲಿಗೆ ಫೈರ್ ವಾಚರ್‌ಗಳನ್ನು ತಗೊಳ್ಳುತ್ತಾರೆ. ಬಹುತೇಕ ಅಕ್ಕಪಕ್ಕದ ತಾಂಡಾ, ಹಳ್ಳಿಗಳ ಜನ. ನಿಜ ಹೇಳಬೇಕು ಅಂದರೆ ನಮ್ಮ ಕಾಡು ಉಳಿದಿರುವುದು ಈ ದಿನಗೂಲಿಯವರಿಂದಲೇ. ಅವರಿಗೆ ಸರಿಯಾದ ಬೂಟು ಕೂಡ ಇರುವುದಿಲ್ಲ ಅನ್ನುವುದು ನನಗೆ ಯಾವತ್ತೂ ಸಿಟ್ಟು ತರಿಸುವ ವಿಷಯ, ಅದನ್ನು ಇಲ್ಲಿಗೆ ಬಿಡುತ್ತೇನೆ.

ಕಾಯಂ ಕೆಲಸದ ದಾರಿ ಹೀಗಿದೆ. ಕೆಳಗಿನಿಂದ ಅರಣ್ಯ ವೀಕ್ಷಕ, ಆಮೇಲೆ ಗಸ್ತು ಅರಣ್ಯ ಪಾಲಕ (ಜನ ಈಗಲೂ ಗಾರ್ಡ್ ಅಂತಲೇ ಕರೆಯುತ್ತಾರೆ), ಆಮೇಲೆ ಉಪ ವಲಯ ಅರಣ್ಯಾಧಿಕಾರಿ, ಅದರ ಮೇಲೆ ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ. ವೀಕ್ಷಕರಿಗೆ ಎಸ್ಸೆಸ್ಸೆಲ್ಸಿ, ಗಾರ್ಡ್‌ಗೆ ಪಿಯುಸಿ. ನಿಮ್ಮ ಬಿಎಸ್ಸಿಗೆ ಎರಡೂ ದಾಟಿ ಆಯಿತು. ಮೇಲಿನ ಹುದ್ದೆಗಳಲ್ಲಿ ಬಿಎಸ್ಸಿ ಫಾರೆಸ್ಟ್ರಿ ಓದಿದವರಿಗೆ ಬೇರೆ ಪಾಲು ಇರುತ್ತದೆ, ಅದು ಸಿರಸಿ ಮತ್ತು ಪೊನ್ನಂಪೇಟೆಯ ಕಾಲೇಜುಗಳಲ್ಲಿದೆ. ನೀವು ಈಗ ಅದಕ್ಕಾಗಿ ಮತ್ತೆ ಡಿಗ್ರಿ ಮಾಡಬೇಕಿಲ್ಲ. ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಬರೆಯಲು ಬಾಟನಿ, ಝೂವಾಲಜಿ ಇದ್ದರೆ ಸಾಕು. ಆ ಪರೀಕ್ಷೆ ಕಷ್ಟ, ಆದರೆ ಬಾಗಿಲು ತೆರೆದೇ ಇದೆ.

ನಮ್ಮ ಭಾಗದವರು ಮರೆಯುವ ಒಂದು ವಿಷಯ ಹೇಳುತ್ತೇನೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಪ್ರಾದೇಶಿಕ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ, ಗ್ರೂಪ್ ಡಿಯಲ್ಲಿ ಶೇ 85. ಅದಕ್ಕೆ ಉಪವಿಭಾಗಾಧಿಕಾರಿಗಳ ಪ್ರಮಾಣಪತ್ರ ಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕಚೇರಿಯ ಕ್ಯೂನಲ್ಲೇ ಕೊನೆಯ ದಿನಾಂಕ ಮುಗಿದುಹೋಗುತ್ತದೆ. ಈಗಲೇ ಮಾಡಿಸಿ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆಯ ಒಳ್ಳೆಯ ಭಾಗಕ್ಕೆ ಬರೋಣ, ಬೇಕಂತಲೇ ಹಚ್ಚುವ ಬೆಂಕಿ. ಇದರಲ್ಲಿ ಒಂದು ಗೊಂದಲ ಇದೆ, ವಿಡಿಯೊ ನೋಡಿದ ಎಲ್ಲರಿಗೂ ಇದೆ.

ಅಮೆರಿಕದ ಪಶ್ಚಿಮದ ಕಾಡುಗಳಿಗೆ ಆದದ್ದು ಏನು ಅಂದರೆ, 1910ರಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯಿತು. ಆ ಹೆದರಿಕೆಗೆ ಅವರು ಕಂಡ ಕಂಡ ಬೆಂಕಿಯನ್ನೆಲ್ಲ ಆರಿಸಲು ಶುರು ಮಾಡಿದರು. 1935ರಲ್ಲಂತೂ ಇವತ್ತು ಕಂಡ ಬೆಂಕಿ ನಾಳೆ ಬೆಳಗ್ಗೆ 10 ಗಂಟೆ ಒಳಗೆ ಹತೋಟಿಗೆ ಬರಬೇಕು ಅಂತ ನಿಯಮವೇ ಮಾಡಿದರು. ಎಷ್ಟೋ ವರ್ಷ ಹೀಗೆ ಆರಿಸಿ ಆರಿಸಿ ಒಣ ಕಟ್ಟಿಗೆ, ಪೊದೆ, ಸಣ್ಣ ಮರ ಎಲ್ಲಾ ಕೆಳಗೆ ರಾಶಿಬಿದ್ದಿತು. ಈಗ ಹತ್ತಿದರೆ ನೆಲದ ಮೇಲಿನ ಬೆಂಕಿ ಮರದ ತುದಿಗೆ ಏರುತ್ತದೆ. ಅದಕ್ಕೇ ಅವರು ಲೆಕ್ಕ ಹಾಕಿ, ಗಾಳಿ ನೋಡಿ, ತಾವೇ ಹಚ್ಚಿ ಆ ರಾಶಿ ಕಮ್ಮಿ ಮಾಡುತ್ತಾರೆ. ಅಂದರೆ ಅವರ ಕಾಡಿಗೆ ಬೆಂಕಿ ಕಮ್ಮಿ ಆಗಿ ತೊಂದರೆ.

ನಮ್ಮದು ಉಲ್ಟಾ. ಚಿಂಚೋಳಿ ಒಣ ಎಲೆ ಉದುರುವ ಕಾಡು. ಬೇಸಿಗೆ ಬರುತ್ತಿದ್ದ ಹಾಗೆ ಎಲೆ ಉದುರುತ್ತದೆ, ಹುಲ್ಲು ಒಣಗಿ ನಿಂತಿರುತ್ತದೆ, ಏಪ್ರಿಲ್ ಬಿಸಿಲು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಸ ಹುಲ್ಲು ಬರಲಿ ಅಂತ ದನ ಕಾಯುವವರು ಹಚ್ಚುತ್ತಾರೆ, ಇಪ್ಪೆ ಹೂವು ಆರಿಸಲು ಕೆಲವರು, ಜೇನು ಕೀಳುವವರು, ಬೀಡಿ ಎಸೆದು ಹೋಗುವವರು, ಹೊಲದ ಬದು ಸುಡುವಾಗ ಗಾಳಿ ತಿರುಗಿ ಕಾಡಿಗೆ ನುಗ್ಗಿದ್ದು ಬೇರೆ. ಭಾರತದಲ್ಲಿ ಕಾಡಿನ ಬೆಂಕಿ ತಾನಾಗಿ ಹತ್ತುವುದು ತೀರಾ ಅಪರೂಪ, ಹೆಚ್ಚುಕಮ್ಮಿ ಎಲ್ಲಾ ಮನುಷ್ಯರು ಹಚ್ಚಿದ್ದೇ. ಬೆಂಕಿ ಮರದ ತುದಿಗೆ ಏರುವುದಿಲ್ಲ, ನೆಲದ ಮೇಲೆ ಹರಿಯುತ್ತದೆ. ದೊಡ್ಡ ಮರ ಉಳಿಯುತ್ತದೆ, ಸಸಿ ಸಾಯುತ್ತದೆ. ಮರು ವರ್ಷ ಮತ್ತೆ ಅದೇ. ಸಾಗವಾನಿ ಬುಡದಿಂದ ಮತ್ತೆ ಚಿಗುರುತ್ತದೆ, ತಡೆದುಕೊಳ್ಳುತ್ತದೆ. ಶ್ರೀಗಂಧದ ತೊಗಟೆ ತೆಳು, ಅದಕ್ಕೆ ಬೆಂಕಿ ಆಗಿಬರುವುದಿಲ್ಲ. ನಮ್ಮ ಚಿಂಚೋಳಿಯಲ್ಲಿ ಶ್ರೀಗಂಧವೂ ಇದೆ, ರಕ್ತಚಂದನವೂ ಇದೆ ಅನ್ನುವುದು ನೆನಪಿರಲಿ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಿಸಿದ ಆ 134 ಚದರ ಕಿಲೋಮೀಟರ್ ಚಿಲ್ಲರೆ ಕಾಡಿನ ಒಳಗೆ ಹೋಗಿ ಅಮೆರಿಕದವರ ಹಾಗೆ ಹೆಕ್ಟೇರುಗಟ್ಟಲೆ ಹಚ್ಚಬೇಕು ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ಹಾಗಂತ ನಮ್ಮ ದೇಶದಲ್ಲಿ ಹಚ್ಚುವುದೇ ಇಲ್ಲ ಅಂತಲ್ಲ. ಕಾಜಿರಂಗದಲ್ಲಿ ಹುಲ್ಲುಗಾವಲನ್ನು ಇಲಾಖೆಯವರೇ ವರ್ಷಾ ವರ್ಷಾ ಸರದಿಯಂತೆ ಸುಡುತ್ತಾರೆ. ಮುನ್ನಾರಿನ ಹತ್ತಿರ ಎರವಿಕುಲಂನಲ್ಲಿ ಮುದುವರ ಜನ ಇಲಾಖೆಯ ಜೊತೆ ನಿಂತು ಹುಲ್ಲಿಗೆ ಹದವಾಗಿ ಬೆಂಕಿ ಕೊಡುತ್ತಾರೆ. ಬಿಳಿಗಿರಿರಂಗನಬೆಟ್ಟದ ಸೋಲಿಗರದು ತರಗು ಬೆಂಕಿ. ಬಿಸಿಲು ಬಲಿಯುವ ಮೊದಲೇ, ಎಲೆ ಪೂರ್ತಿ ಒಣಗುವ ಮೊದಲೇ ಹಚ್ಚಿಬಿಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಅನ್ನುವ ಕಳೆ ಪೊದೆ ಮೇಲೆದ್ದಿತು ಅಂತ ಅವರು ಇವತ್ತಿಗೂ ಹೇಳುತ್ತಾರೆ. ಹುಲ್ಲುಗಾವಲಿಗೆ ಒಂದು ನ್ಯಾಯ, ಗಂಧದ ಕಾಡಿಗೆ ಇನ್ನೊಂದು.

ಹಾಗಾದರೆ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಈ ವಿದ್ಯೆ ಎಲ್ಲಿ ಕಲಿಯೋದು? ಫೈರ್ ಲೈನ್‌ನಲ್ಲಿ. ಬೆಂಕಿ ರೇಖೆ ಅಂತೀವಲ್ಲ, ಅದೇ. ರಸ್ತೆ ಪಕ್ಕ, ಕಾಡಿನ ಅಂಚು, ಪ್ಲಾಂಟೇಶನ್ ಸುತ್ತ ಹುಲ್ಲು, ತರಗೆಲೆ ತೆಗೆದು ಬರಿ ನೆಲ ಮಾಡುವುದು. ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಕೆಲಸ. ನೋಡುವವರಿಗೆ ಕಸ ಗುಡಿಸಿದ ಹಾಗೆ ಕಾಣುತ್ತದೆ, ಯಾರೂ ವಿಡಿಯೊ ಮಾಡುವುದಿಲ್ಲ. ಆದರೆ ಬೇಕಂತ ಬೆಂಕಿ ಹಚ್ಚುವ ಕಲೆ ಪೂರ್ತಿ ಇದರೊಳಗೇ ಇದೆ.

ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಗಲವಾದ ರೇಖೆ ಆದರೆ ಎಲ್ಲಾ ಹುಲ್ಲು ಕೊಯ್ಯಲು ಆಗುವುದಿಲ್ಲ. ಎರಡೂ ಅಂಚಿನಲ್ಲಿ ಒಂದೊಂದು ಪಟ್ಟಿ ಕೆತ್ತಿ ಮಣ್ಣು ಕಾಣುವ ಹಾಗೆ ಮಾಡಿ, ನಡುವಿನ ಹುಲ್ಲನ್ನು ಸುಡುತ್ತಾರೆ. ಸುಡುವ ಮೊದಲು ಹುಲ್ಲು ನೋಡಬೇಕು. ಒಂದು ಹಿಡಿ ಕಿತ್ತು ಮುಷ್ಟಿಯಲ್ಲಿ ಹಿಸುಕಿ. ಬಾಗಿ ಹಾಗೇ ಉಳಿದರೆ ಒಳಗೆ ಇನ್ನೂ ಹಸಿ ಇದೆ, ಹೊಗೆ ಜಾಸ್ತಿ ಬರುತ್ತದೆ, ಅರ್ಧ ಸುಟ್ಟು ನಿಲ್ಲುತ್ತದೆ. ಹಪ್ಪಳದ ಹಾಗೆ ಚೂರುಚೂರಾದರೆ ಆವತ್ತು ಕಡ್ಡಿ ಗೀರಲೇಬಾರದು, ಹೊತ್ತು ಮೀರಿದೆ. ಎರಡರ ನಡುವೆ ಇದ್ದಾಗ ಹಚ್ಚಬೇಕು. ಬೆಳಗಿನ ಇಬ್ಬನಿ ಆರುತ್ತಿರುವಾಗ, ಇಲ್ಲವೇ ಸಂಜೆ. ಮಧ್ಯಾಹ್ನದ ಗಾಳಿಯಲ್ಲಿ ಬೇಡವೇ ಬೇಡ. ಮೊದಲು ಒಂದು ಮೂಲೆಯಲ್ಲಿ ಅಂಗಳದಷ್ಟು ಜಾಗ ಮಾತ್ರ ಹಚ್ಚಿ, ಉರಿ ಎಷ್ಟು ಎತ್ತರ ಏಳುತ್ತದೆ, ಹೊಗೆ ಯಾವ ಕಡೆ ವಾಲುತ್ತದೆ ಅಂತ ನೋಡಬೇಕು. ಸರಿ ಕಾಣದಿದ್ದರೆ ಆರಿಸಿ ಮನೆಗೆ ಹೋಗಬೇಕು. ಈ ವಾಪಸ್ ಹೋಗುವ ಧೈರ್ಯ ಎಷ್ಟೋ ಸೀನಿಯರ್‌ಗಳಿಗೂ ಇರುವುದಿಲ್ಲ, ಜೀಪು, ಜನ ಎಲ್ಲಾ ಬಂದಿದ್ದಾರೆ, ಮುಗಿಸಿಬಿಡೋಣ ಅಂತಾರೆ.

ಹಚ್ಚುವುದು ಗಾಳಿ ಹೋಗುತ್ತಿರುವ ಕಡೆಯ ಅಂಚಿನಿಂದ. ಆಗ ಬೆಂಕಿ ಗಾಳಿಗೆ ಎದುರಾಗಿ, ತಗ್ಗಿ, ನಿಧಾನಕ್ಕೆ ಹಿಂದಕ್ಕೆ ಬರುತ್ತದೆ. ಇಳಿಜಾರಾದರೆ ಮೇಲಿನಿಂದ ಶುರು ಮಾಡಿ ಕೆಳಗೆ ಬರಬೇಕು. ತಪ್ಪಿ ಕೆಳಗಿನಿಂದ ಹಚ್ಚಿದರೆ ಕಥೆ ಬೇರೆ. ಏರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ ಅನ್ನುವುದು ಈ ಕೆಲಸದವರ ಅಂದಾಜು ಲೆಕ್ಕ. ಅಂಚಿನುದ್ದಕ್ಕೂ ಜನ ನಿಂತಿರಬೇಕು, ಕೈಯಲ್ಲಿ ಹಸಿ ಟೊಂಗೆ, ಬೆನ್ನಿಗೆ ಸ್ಪ್ರೇಯರ್ ಪಂಪ್. ಈಗ ಬ್ಲೋವರ್ (ಜೋರಾಗಿ ಗಾಳಿ ಊದಿ ಎಲೆ ಸರಿಸುವ ಯಂತ್ರ) ಬಂದಿದೆ, ಒಳ್ಳೆಯ ಸಾಧನ. ಆದರೆ ಉರಿಯುವ ಅಂಚಿನಲ್ಲಿ ಅದರ ಮೂತಿ ಯಾವಾಗಲೂ ಸುಟ್ಟ ಕಡೆಗೇ ಇರಬೇಕು. ಸುಡದ ಕಡೆಗೆ ತಿರುಗಿಸಿದರೆ ಎಲೆಯ ಜೊತೆ ಕಿಡಿಯನ್ನೂ ನೀವೇ ಹೊತ್ತು ಹಾಕಿದ ಹಾಗೆ. ಎಲ್ಲಾ ಆರಿದ ಮೇಲೆ ಬೂದಿಯ ಹತ್ತಿರ ಅಂಗೈ ಬೇಡ, ಕೈಯ ಹಿಂಭಾಗ ಹಿಡಿದು ಬಿಸಿ ನೋಡುತ್ತಾ ಪೂರ್ತಿ ಅಂಚು ನಡೆಯಬೇಕು. ಮೋಟು ಮರದ ಬುಡ, ಒಣ ಸಗಣಿ, ಇವೆರಡರಲ್ಲಿ ಕೆಂಡ ಅಡಗಿರುತ್ತದೆ.

ಒಂದು ಎಚ್ಚರಿಕೆ. ಇದನ್ನು ಓದಿ ಗೆಳತಿಯರ ಜೊತೆ ಕಾಡಂಚಿಗೆ ಹೋಗಿ ಪ್ರಯೋಗ ಮಾಡಬೇಡಿ. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಪರಾಧ, ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಒಂದು ಕೇಸ್ ಬಿದ್ದರೆ ಸರ್ಕಾರಿ ನೌಕರಿಯ ಆಸೆಗೆ ಎಳ್ಳುನೀರು. ಇಲಾಖೆಯವರ ಜೊತೆ, ಅವರ ಆದೇಶದಲ್ಲಿ ಮಾತ್ರ.

ಜೀವದ ಮಾತಿಗೆ ಬರುತ್ತೇನೆ, ಯಾಕೆಂದರೆ ನಿಮ್ಮ ಮನೆಯವರ ಹೆದರಿಕೆ ಪೂರ್ತಿ ಸುಳ್ಳಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸುವಾಗ ಗಾರ್ಡ್ ಒಬ್ಬರು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ನಮ್ಮ ಬೆಂಕಿ ಗಿಡ್ಡ ಅಂತ ಸದರ ಮಾಡುವ ಹಾಗಿಲ್ಲ. ಹುಲ್ಲಿನ ಬೆಂಕಿ ನೋಡಲು ಸಣ್ಣದು, ಓಡುವುದರಲ್ಲಿ ಎಲ್ಲಕ್ಕಿಂತ ಜೋರು. 1949ರಲ್ಲಿ ಮೊಂಟಾನಾದ ಮ್ಯಾನ್ ಗಲ್ಚ್ ಅನ್ನುವ ಕಣಿವೆಯಲ್ಲಿ ಬೆಂಕಿ ಆರಿಸಲು ಹೋದ 13 ಜನ ಸತ್ತದ್ದು ಹುಲ್ಲಿನ ಏರಿನಲ್ಲಿ, ಬೆಂಕಿ ಕೆಳಗಿನಿಂದ ಅಟ್ಟಿಸಿಕೊಂಡು ಬಂದಾಗ. ಅವರ ಮುಂದಾಳು ವ್ಯಾಗ್ನರ್ ಡಾಡ್ಜ್ ಮಾತ್ರ ಓಡುವುದು ಬಿಟ್ಟು, ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಅದು ಸುಟ್ಟು ಕರಿಯಾದ ಜಾಗದಲ್ಲಿ ಮುಖ ಕೆಳಗೆ ಮಾಡಿ ಮಲಗಿದ. ದೊಡ್ಡ ಬೆಂಕಿ ಸುತ್ತಿಕೊಂಡು ಹೋಯಿತು, ಅವನು ಬದುಕಿದ. ಬನ್ನಿ ಅಂತ ಕೂಗಿ ಕರೆದರೂ ಉಳಿದವರು ಆ ಬೂದಿಯೊಳಗೆ ಹೋಗಲಿಲ್ಲ. ಅವತ್ತಿನ ಮಟ್ಟಿಗೆ ಅಂಥದ್ದನ್ನು ಅವರು ಕಂಡು ಕೇಳಿರಲಿಲ್ಲ.

ಆಮೇಲೆ ಅಮೆರಿಕದವರು ಕಟ್ಟಿಕೊಂಡ ನಿಯಮಗಳು ಬಹಳ ಇವೆ, ನೀವು ನಾಲ್ಕು ಕಲಿತರೆ ಸದ್ಯಕ್ಕೆ ಸಾಕು. ಬೆಂಕಿ ಪೂರ್ತಿ ಕಾಣುವ ಕಡೆ ಒಬ್ಬರು ಕಾವಲು ನಿಂತಿರಬೇಕು. ಎಲ್ಲರ ನಡುವೆ ಮಾತು ಹರಿಯುತ್ತಿರಬೇಕು, ವಾಕಿಟಾಕಿಯೋ ಸೀಟಿಯೋ. ತಪ್ಪಿಸಿಕೊಳ್ಳಲು ಎರಡು ದಾರಿ ಮೊದಲೇ ಗೊತ್ತಿರಬೇಕು. ಆ ದಾರಿ ಹೋಗಿ ಸೇರುವ ಜಾಗ ಸುಡಲು ಏನೂ ಇಲ್ಲದ್ದಾಗಿರಬೇಕು, ಸುಟ್ಟ ಕರಿ ನೆಲ, ಉತ್ತ ಹೊಲ, ಬಂಡೆ, ಕೆರೆಯಂಗಳ. 1991ರಲ್ಲಿ ಅಲ್ಲಿನ ಬೆಂಕಿ ಪಡೆಯ ಪಾಲ್ ಗ್ಲೀಸನ್ ಅನ್ನುವವರು ಈ ನಾಲ್ಕನ್ನು ಒಟ್ಟಿಗೆ ಜೋಡಿಸಿದರು. ಇನ್ನೊಂದು ಅಳತೆ: ಉರಿ ನಾಲ್ಕು ಅಡಿ ಉದ್ದ ದಾಟಿದರೆ ಟೊಂಗೆ, ಸಲಿಕೆ ಹಿಡಿದು ಎದುರು ನಿಲ್ಲಬೇಡಿ. ಹಿಂದೆ ಸರಿದು, ಮುಂದೆ ಎಲ್ಲಿ ಅಡ್ಡ ರೇಖೆ ಹಾಕಬಹುದು ಅಂತ ನೋಡಬೇಕು. ಬಟ್ಟೆ ಹತ್ತಿಯದ್ದೇ ಇರಲಿ, ತೋಳು ತುಂಬ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಕರಗಿ ಚರ್ಮಕ್ಕೆ ಅಂಟುತ್ತದೆ. ದುಪಟ್ಟಾ ಮನೆಯಲ್ಲಿ. ನಮ್ಮ ಕಡೆ ಬೆಂಕಿಗಿಂತ ಮೊದಲು ಬಿಸಿಲು ಬೀಳಿಸುತ್ತದೆ, ನೀರಿಲ್ಲದೆ ಏಪ್ರಿಲ್‌ನಲ್ಲಿ ಹೆಜ್ಜೆ ಇಡಬೇಡಿ.

ಓದುವುದಕ್ಕೆ ದುಡ್ಡು ಬೇಡ. ಅಮೆರಿಕದಲ್ಲಿ ಹೊಸಬರಿಗೆ ಕಲಿಸುವ ಎರಡು ಪಾಠ, ಎಸ್-130 ಮತ್ತು ಎಸ್-190, ಒಂದು ಬೆಂಕಿ ಆರಿಸುವ ಕೆಲಸದ್ದು, ಇನ್ನೊಂದು ಬೆಂಕಿಯ ನಡತೆಯದ್ದು. ಎನ್‌ಡಬ್ಲ್ಯುಸಿಜಿ ಅನ್ನುವ ಅಲ್ಲಿನ ಸಂಸ್ಥೆ ಇವುಗಳ ಸಾಮಗ್ರಿಯನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದೆ. ಎಸ್-190 ಮೊದಲು ಓದಿ. ಇನ್ನೊಂದು, ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ‘ವನ್ ಅಗ್ನಿ’ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ನಾಸಾದ ‘ಫರ್ಮ್ಸ್’ ನಕ್ಷೆಯನ್ನೂ ತೆರೆದುಕೊಳ್ಳಿ. ಉಪಗ್ರಹ ಕಂಡ ಬಿಸಿ ಚುಕ್ಕೆಗಳು ಅಲ್ಲಿ ಬರುತ್ತವೆ. ವಿಐಐಆರ್‌ಎಸ್ ಅನ್ನುವ ಸಾಧನದ ಒಂದು ಚುಕ್ಕೆ ಅಂದರೆ 375 ಮೀಟರ್ ಚೌಕದ ಜಾಗ, ಅದನ್ನು ಹೊತ್ತ ಉಪಗ್ರಹ ಮಧ್ಯಾಹ್ನ ಮತ್ತು ಮಧ್ಯರಾತ್ರಿ ಒಂದೂವರೆಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಬೀದರ್, ಕಲಬುರಗಿ, ಯಾದಗಿರಿಯ ಚುಕ್ಕೆಗಳನ್ನು ಜನವರಿಯಿಂದ ಮೇ ತನಕ ದಿನಾ ನೋಡಿ. ಯಾವುದು ಆಳಂದ, ಅಫಜಲಪುರ ಕಡೆಯ ಕಬ್ಬಿನ ರವದಿ, ಯಾವುದು ಕಾರ್ಖಾನೆಯ ಬಿಸಿ, ಯಾವುದು ನಿಜವಾದ ಕಾಡು ಅಂತ ಗುರುತು ಹಾಕಿಕೊಳ್ಳಿ. ಒಂದು ಬೇಸಿಗೆ ಹೀಗೆ ಮಾಡಿದ ನೋಟ್‌ಬುಕ್ ನಿಮ್ಮ ಹತ್ತಿರ ಇದ್ದರೆ ಯಾವ ಆರ್‌ಎಫ್‌ಒ ಆದರೂ ಕೂರಿಸಿ ಮಾತಾಡಿಸುತ್ತಾರೆ. ಮುಂದೆ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ) ಕಡೆ ಹೋಗಬೇಕು ಅನಿಸಿದರೂ ಅದೇ ಬುನಾದಿ.

ಹೊರದೇಶದ ಮಾತು ಚಿಕ್ಕದಾಗಿ. ಅಮೆರಿಕದ ಕೇಂದ್ರ ಸರ್ಕಾರದ ಬೆಂಕಿ ಪಡೆಗಳಿಗೆ ಅಲ್ಲಿನ ಪೌರತ್ವ ಬೇಕು, ಆ ಆಸೆ ಸದ್ಯಕ್ಕೆ ಬದಿಗಿಡಿ. ತರಬೇತಿ ಬೇರೆ ವಿಷಯ. ಫ್ಲೋರಿಡಾದ ಟಲ್ಲಹಾಸಿಯಲ್ಲಿ 1998ರಿಂದ ಹಚ್ಚುವ ಬೆಂಕಿಗೆ ಅಂತಲೇ ತರಬೇತಿ ಕೇಂದ್ರ ಇದೆ. 2008ರಿಂದ ‘ಟ್ರೆಕ್ಸ್’ ಅನ್ನುವ ಶಿಬಿರಗಳು ನಡೆಯುತ್ತಿವೆ, ಬೇರೆ ಬೇರೆ ದೇಶದವರು ಬಂದು ಒಟ್ಟಿಗೆ ಬೆಂಕಿ ಹಚ್ಚಿ ಕಲಿಯುತ್ತಾರೆ. ಆದರೆ ಇಲ್ಲಿ ಕೆಲಸ ಮಾಡಿ ಅನುಭವ ಇದ್ದವರಿಗೆ ಅದರ ಲಾಭ ಜಾಸ್ತಿ. ನನಗೆ ಅಮೆರಿಕಕ್ಕಿಂತ ದಕ್ಷಿಣ ಆಫ್ರಿಕಾದ ‘ವರ್ಕಿಂಗ್ ಆನ್ ಫೈರ್’ ಹೆಚ್ಚು ಇಷ್ಟ. 2003ರಲ್ಲಿ ಶುರುವಾದದ್ದು, ಕೆಲಸವಿಲ್ಲದ ಹಳ್ಳಿ ಹುಡುಗ ಹುಡುಗಿಯರನ್ನು ತಗೊಂಡು ಬೆಂಕಿ ಪಡೆ ಕಟ್ಟಿದರು. ನಮ್ಮ ಮೂರು ಜಿಲ್ಲೆಗೆ ಹೊಂದುವುದು ಆ ಮಾದರಿ.

ಹೆಣ್ಣುಮಕ್ಕಳಿಗೆ ಆಗಲ್ಲ ಅನ್ನುವುದು ಸುಮ್ನೆ ಮಾತು. ರಾಜ್ಯದ ನೇಮಕಾತಿಯಲ್ಲಿ ಶೇ 33 ಮಹಿಳೆಯರಿಗೇ ಇದೆ, ಬೀಟ್‌ನಲ್ಲಿ ಹುಡುಗಿಯರು ಈಗಾಗಲೇ ಇದ್ದಾರೆ. ದೇಹ ಗಟ್ಟಿ ಇರಬೇಕು, ಅದು ಗಂಡಸರಿಗೂ ಇರಬೇಕಾದದ್ದೇ. ಅಮೆರಿಕದಲ್ಲಿ 20 ಕಿಲೋ ಹೊತ್ತು 4.8 ಕಿಲೋಮೀಟರ್ ಅನ್ನು 45 ನಿಮಿಷದಲ್ಲಿ ನಡೆಯಬೇಕು, ಹೆಣ್ಣು ಗಂಡು ಅಂತ ಭೇದ ಇಲ್ಲ, ಓಡುವ ಹಾಗಿಲ್ಲ. ನಮ್ಮ ಐಎಫ್‌ಎಸ್‌ನಲ್ಲಿ ಮಹಿಳೆಯರಿಗೆ 4 ಗಂಟೆಯಲ್ಲಿ 14 ಕಿಲೋಮೀಟರ್. ಗಾರ್ಡ್ ಪರೀಕ್ಷೆಯಲ್ಲಿ ಓಟ, ಜಿಗಿತ, ಗುಂಡು ಎಸೆತ. ಹುಡುಗಿಯರು ಹೆಚ್ಚಾಗಿ ಸೋಲುವುದು ಗುಂಡು ಎಸೆತದಲ್ಲಿ, ಓಟದಲ್ಲಲ್ಲ. ಅಭ್ಯಾಸ ಮಾಡದೆ ಬರುತ್ತಾರೆ ಅದಕ್ಕೆ. ಈಗಿನಿಂದಲೇ ಶುರು ಮಾಡಿ. ಮನೆಯವರು ಕೇಳಬೇಕಾದ ನಿಜವಾದ ಪ್ರಶ್ನೆ ರಾತ್ರಿ ಗಸ್ತಿನದ್ದು, ಕಾಡಿನ ಕ್ಯಾಂಪಿನಲ್ಲಿ ಶೌಚಾಲಯ ಇದೆಯೋ ಇಲ್ಲವೋ ಅನ್ನುವುದು. ಎಲ್ಲಾ ಕಡೆ ಇಲ್ಲ. ಸೇರುವ ಮೊದಲು ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನೇ ಕೇಳಿ, ಅವರು ಮುಚ್ಚುಮರೆ ಮಾಡುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ನವೆಂಬರ್ ಕೊನೆಗೆ ಚಿಂಚೋಳಿಯ ವನ್ಯಜೀವಿ ವಲಯ ಕಚೇರಿಗೆ ಹೋಗಿ, ಡಿಸೆಂಬರ್, ಜನವರಿಯಲ್ಲಿ ಸ್ವಯಂಸೇವಕಿಯಾಗಿ ಫೈರ್ ಲೈನ್ ಕೆಲಸಕ್ಕೆ ಬರಬಹುದೇ ಅಂತ ಬರವಣಿಗೆಯಲ್ಲಿ ಕೇಳಿ. ಕಾಲೇಜಿನ ಪ್ರಿನ್ಸಿಪಾಲರ ಪತ್ರ ಜೊತೆಗಿರಲಿ, ಎನ್‌ಎಸ್‌ಎಸ್ ಕಡೆಯಿಂದ ಐದಾರು ಜನ ಒಟ್ಟಿಗೆ ಹೋದರೆ ಇನ್ನೂ ಸುಲಭ, ಮನೆಯವರೂ ಒಪ್ಪುತ್ತಾರೆ. ಅಲ್ಲಿ ನಿಮ್ಮನ್ನು ಸಾಹೇಬರ ಹಿಂದೆ ನಿಲ್ಲಿಸಿದರೆ ಮೆಲ್ಲಗೆ ಹಿಂದಕ್ಕೆ ಸರಿದು ವಯಸ್ಸಾದ ವಾಚರ್ ಯಾರಿದ್ದಾರೆ ನೋಡಿ, ಅವರ ಜೊತೆ ನಡೆಯಿರಿ. ಗಾಳಿ ಯಾವಾಗ ತಿರುಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಡಿಪ್ಲೊಮಾಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಜೊತೆ ದಪ್ಪ ಚರ್ಮದ ಬೂಟು ತಗೊಳ್ಳಿ, ಕಣಕಾಲು ಮುಚ್ಚುವಂಥದ್ದು.